ಹಳ್ಳದಲ್ಲಿ ಸಿಕ್ಕ ಓಲೆ

ಎನ್. ಬೇಗೂರಿನಿಂದ ಹೊರಟ ಬೆಳಗಿನ ಬಸ್ಸಿನಲ್ಲಿ ನನ್ನ ಟಿಕೆಟ್ಟಿನ ಬೆಲೆ ಸೊನ್ನೆ, ಕೈಚೀಲದ ಟಿಫನ್ ಡಬ್ಬಿಯಲ್ಲಿದ್ದದ್ದು ಚಿನ್ನ. ಮಳೆಗಾಲ ಮುಗಿದರೆ ಸಾಕು, ಹೊಲದಂಚಿನ ಹಳ್ಳದ ಮರಳು ಜಾಲಿಸಿ ಚಿನ್ನ ಹುಡುಕುವುದು ನನ್ನ ಭಾವನ ಹುಚ್ಚು. ಇಷ್ಟು ವರ್ಷ ಸಿಕ್ಕಿದ ಪುಡಿಯನ್ನೆಲ್ಲ ಕೂಡಿಸಿದರೂ ಇರುವೆಗೊಂದು ಮೂಗುತಿ ಆಗುತ್ತಿರಲಿಲ್ಲ. ಹೋದ ವಾರ ಮಾತ್ರ ಅವನ ಬಾಣಲೆಯಲ್ಲಿ ಹಳೆಯ ಕಾಲದ ಓಲೆಯೊಂದು ಉಳಿದಿತ್ತು. ಹಳೆಯ ಒಡವೆಗಳ ಹಿನ್ನೆಲೆ ಕೆದಕುವ ಚಾಳಿ ನನ್ನದು. ಸುದ್ದಿ ಕೇಳಿ ಬೆಟ್ಟದಪುರದಿಂದ ಓಡಿ ಬಂದಿದ್ದೆ.

ಅಕ್ಕ ಅದನ್ನು ಹೊಸ್ತಿಲು ದಾಟಿ ಒಳಗೆ ತರಲು ಬಿಟ್ಟಿರಲಿಲ್ಲ. “ಊತಿದ್ದ ಎಣದ ಕಿವೀದಿರ್ಬೇಕು ಕಣೇ. ಉಣ್ಸೂರಲ್ಲಿ ತೋರ್ಸು. ಅಂಗಂದ್ರೆ ವಾಪ್ಸು ಅಳ್ಳುಕ್ಕೇ ಆಕ್ಬುಡ್ತೀನಿ” ಎಂದಿದ್ದಳು. ಅಕ್ಕ ಹೇಳಿದರೆ ಮಾಡುವವಳೇ. ದಾರಿಯುದ್ದಕ್ಕೂ ನನಗೆ ಅದೇ ದಿಗಿಲು.

ಕೋಟೆ ಬಸ್ ನಿಲ್ದಾಣದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಮೋಡ ಕವಿದಿತ್ತು. ಹುಣಸೂರು ಹತ್ತಿರವಾದಂತೆ ಹೊಗೆಸೊಪ್ಪು ಬೇಯಿಸುವ ಘಾಟು ಕಿಟಕಿಯಿಂದ ನುಗ್ಗಿತು.

ಒಡವೆ ರಿಪೇರಿ ಮಾಡುವ ರಹಮತ್ ಸಾಬರು ಓಲೆಯನ್ನು ಭೂತಗನ್ನಡಿಯಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಕೈಕೆಲಸ ಅಮ್ಮಾ. ನಮ್ಮ ತಾತನ್ಗಿಂತ ಹಳೇದು. ಯಾರ್ದು, ಎಲ್ಲಿದು ಅಂದ್ರೆ ನಂಗೂ ಗೊತ್ತಿಲ್ಲ. ಈ ತಿರುಪು ನೋಡಿ. ಸವೆದು ಸಡ್ಲ ಆಗಿದೆ, ಅದಕ್ಕೆ ಅರಗು ತುಂಬವ್ರೆ. ಅಂಗಡಿ ಕೆಲಸ ಅಲ್ಲ ಇದು. ಮನೇಲೇ ದೀಪಕ್ಕೆ ಹಿಡಿದು ಒತ್ತವ್ರೆ.”

ನಾನೂ ಬಗ್ಗಿ ನೋಡಿದೆ. ಕಪ್ಪು ಅರಗಿನ ಮೇಲೆ ಸಣ್ಣ ಉಗುರಿನ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ಎಷ್ಟು ಮಳೆ, ಎಷ್ಟು ಪ್ರವಾಹ ಅದರ ಮೇಲೆ ಹರಿದಿರಬೇಕು! ಸಾಬರು ಕಾಸು ಬೇಡವೆಂದು ಚಹಾ ತರಿಸಿದರು.

ಸಂಜೆ ಅಂತರಸಂತೆ ದಾಟುವಾಗ ಹನಿ ಬಿತ್ತು. ಅಂಗಳದಲ್ಲೇ ಕಾದಿದ್ದ ಅಕ್ಕನಿಗೆ ಕೇಳಿದ್ದನ್ನಷ್ಟೇ ಹೇಳಿ, ಮೊಬೈಲ್ ಬೆಳಕಿನಲ್ಲಿ ಆ ಗುರುತು ತೋರಿಸಿದೆ. ಅವಳ ಕೈ ತಾನಾಗಿ ತನ್ನ ಕಿವಿಗೆ ಹೋಯಿತು. ಅವಳ ಓಲೆಯ ತಿರುಪಿಗೂ ಬಿಗಿಯಾಗಲೆಂದು ನೂಲು ಸುತ್ತಿತ್ತು.

“ಇಷ್ಟು ಬಿಗಿ ಮಾಡ್ಕಂಡಿದ್ರೂ ಬಿದ್ದೋಯ್ತಲ್ಲೇ” ಎಂದಳು. “ಎಣದ್ದಲ್ಲ ಕಣೇ ಇದು. ಎಣವಾಗಿದ್ರೆ ಜೋಡಿ ಇರ್ತಿತ್ತು. ಬಟ್ಟೆ ಒಗೆಯಕ್ಕೆ ಬಂದಿದ್ಲೇನೋ. ಪಾಪ, ಎಷ್ಟು ಉಡ್ಕಿದ್ಲೋ, ಮನೇಲಿ ಎಷ್ಟು ಬೈಸ್ಕಂಡ್ಲೋ.” ಓಲೆಯನ್ನು ಸೆರಗಿನಲ್ಲಿ ಒರೆಸಿ ಒಳಗೆ ಒಯ್ದಳು.

ಬೆಳಿಗ್ಗೆ ನಾನು ಬೆಟ್ಟದಪುರಕ್ಕೆ ಹೊರಟಾಗ ಭಾವ ಬಾಣಲೆ ಹಿಡಿದು ಹಳ್ಳಕ್ಕೆ ಇಳಿಯುತ್ತಿದ್ದ. ಜೋಡಿ ಓಲೆಯೂ ಅಲ್ಲೇ ಇರಬೇಕೆಂದು ಅವನ ಆಸೆ. ಬಸ್ಸು ಹತ್ತಿ ತಿರುಗಿ ನೋಡಿದೆ. ಅಕ್ಕ ಬದುವಿನ ಮೇಲೆ ನಿಂತು ಅವನಿಗೆ ಕೂಗಿ ಹೇಳುತ್ತಿದ್ದಳು:

“ಬುಡ್ರೀ, ಇನ್ನೊಂದು ಸಿಗಾಕಿಲ್ಲ. ಅದು ಅವಳ ಕಿವೀಲೇ ಮನೆಗೋಯ್ತು ಕಣ್ರೀ.”