ಯಾಮಿನಿಯ ಬಾಯಿಗೆ ಮೈಕು

ಸನ್ಮಾನ ಎಂಬ ಪದ ಕಿವಿಗೆ ಬಿದ್ದರೆ ನನಗೀಗ ವಾಕರಿಕೆ ಬರುತ್ತದೆ. ತನುಜ ಮೇಡಂಗೆ ಮಾಡಿದ ಸನ್ಮಾನವನ್ನು ಕಣ್ಣಾರೆ ನೋಡಿದ ಮೇಲಂತೂ, ಛೀ!

ವಿದುರಾಶ್ವತ್ಥದ ಕಡೆಯ ಒಕ್ಕಲು ಮನೆಯ ಹೆಣ್ಣುಮಗಳು ಅವರು. ಮಕ್ಕಳ ಮನಶ್ಶಾಸ್ತ್ರ ಓದಿ ಬಂದು ಚಿಂತಾಮಣಿಯಲ್ಲಿ ಬೋರ್ಡು ಹಾಕಲು ಹೊರಟಾಗ ಯಾರೂ ರೂಮು ಕೊಡಲಿಲ್ಲ. ‘ಹುಚ್ಚರೆಲ್ಲ ಬರ್ತಾರೆ’ ಎಂದು ಮೂಗು ಮುರಿದರು. ನನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆ ಖಾಲಿಯಿತ್ತು, ಕೊಟ್ಟೆ. ಅವರಿಗಿಂತ ಮುಂಚೆ ನಮ್ಮೂರಲ್ಲಿ ಈ ಕೆಲಸ ಮಾಡಿದವರನ್ನು ನಾನು ಕಂಡಿಲ್ಲ. ಮಾತು ತಡವಾದರೆ ತಾಯತ, ಹಟ ಮಾಡಿದರೆ ಬರೆ, ಅಷ್ಟೇ ಗೊತ್ತಿದ್ದ ಜನ ನಾವು.

ಹೋದ ವರ್ಷ ಸಾದಲಿಯಿಂದ ಕದಿರಮ್ಮ ತಮ್ಮ ಮೊಮ್ಮಗಳು ಯಾಮಿನಿಯನ್ನು ಕರೆತಂದರು. ಆರು ವರ್ಷದ ಮಗು. ಮನೆಯಲ್ಲಿ ಅಜ್ಜಿಯ ಜೊತೆ ಪಟಪಟ ಮಾತಾಡುತ್ತದೆ, ಹೊಸಿಲು ದಾಟಿದರೆ ತುಟಿ ಬಿಚ್ಚುವುದಿಲ್ಲ. ಸ್ಕೂಲಿನಲ್ಲಿ ‘ಮೂಗಿ’ ಎಂದೇ ಕರೆಯುತ್ತಿದ್ದರಂತೆ, ಪಾಪಿಗಳು.

‘ಭಯ ಕಣಮ್ಮ ಅದಕ್ಕೆ. ಮಾತಾಡು ಅಂತ ಯಾರೂ ಅನ್ಬೇಡಿ’ ಎಂದರು ಮೇಡಂ. ತಾವೂ ಏನೊಂದೂ ಕೇಳಲಿಲ್ಲ. ಮಗುವಿಗೆ ಬೆನ್ನು ಹಾಕಿ ಕೂತು ನನ್ನ ಅಂಗಡಿಯ ಚಿಂದಿಯಲ್ಲಿ ಗೊಂಬೆ ಕಟ್ಟುವರು. ತಿಂಗಳುಗಟ್ಟಲೆ ಇದೇ. ಒಂದು ದಿನ ಹಿಂದಿನಿಂದ ಸಣ್ಣ ದನಿ ಬಂತು: ‘ಅದಕ್ಕೆ ಕೈ ಇಲ್ಲ.’

ಮೇಡಂ ತಿರುಗಲೂ ಇಲ್ಲ. ‘ಹೌದಲ್ವಾ’ ಎಂದು ಗೊಂಬೆಗೆ ಕೈ ಹೊಲಿದರು. ನಾನು ಮೆಷಿನ್ನಿನ ಮುಂದೆ ಕೂತು ಅತ್ತೆ.

ಸುದ್ದಿ ತಿಳಿದು ಮಗುವಿನ ಅಪ್ಪ ಮುರಳಿಮೋಹನ್ ಕುಣಿದಾಡಿಬಿಟ್ಟ. ಮೂಗಿ ಅಂದವರ ಬಾಯಿ ಮುಚ್ಚಿಸಬೇಕಿತ್ತು ಅವನಿಗೆ. ಯಾವುದೋ ಸಂಘದವರನ್ನು ಹಿಡಿದು ಚಿಕ್ಕಬಳ್ಳಾಪುರದಲ್ಲಿ ಮೇಡಂಗೆ ಸನ್ಮಾನ ಇಡಿಸಿದ. ನಾನೂ ಹೋಗಿದ್ದೆ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೇಡಂ ಕುರ್ಚಿಯಿಂದ ಏಳುವಷ್ಟರಲ್ಲಿ ಈ ಮಹಾಶಯ ಮಗಳನ್ನೆತ್ತಿ ತಂದು ವೇದಿಕೆಯ ನಡುವೆ ನಿಲ್ಲಿಸಿದ.

‘ರೀ, ಬೇಡ! ಇಳಿಸ್ರೀ ಅವಳ್ನ!’ ಎಂದು ಮೇಡಂ ಕೂಗಿದರು. ಚಪ್ಪಾಳೆಯಲ್ಲಿ ಯಾರಿಗೆ ಕೇಳಬೇಕು? ಸಂಘದ ಅಧ್ಯಕ್ಷ ಹಲ್ಲು ಕಿರಿಯುತ್ತ ಮೈಕನ್ನು ಮಗುವಿನ ಬಾಯಿಗೇ ತುರುಕಿದ. ‘ಹೆಸರೇನ್ ಪುಟ್ಟಿ? ಜೋರಾಗ್ ಹೇಳಮ್ಮ, ಚಾಕ್ಲೇಟ್ ಕೊಡ್ತೀನಿ!’

ಮಗು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಮುಂದಿನ ಸಾಲಿನವರು ನಕ್ಕರು. ನಕ್ಕರು ರೀ, ಇಸ್ತ್ರಿ ಬಟ್ಟೆಯ ದೊಡ್ಡ ಮನುಷ್ಯರು! ವಿಡಿಯೊ ಹಿಡಿಯುತ್ತಿದ್ದವರು ಫೋನು ಕೆಳಗಿಳಿಸಲಿಲ್ಲ. ಥೂ, ಇವರ ಜನ್ಮಕ್ಕಿಷ್ಟು! ಮೇಡಂ ತಮ್ಮ ಹೆಗಲ ಶಾಲನ್ನೆಳೆದು ಮಗುವಿಗೆ ಸುತ್ತಿ, ಎತ್ತಿಕೊಂಡು ಹೊರಗೆ ಬಂದರು. 

ವಾರ ಕಳೆದು ಮುರಳಿಮೋಹನ್ ತಾಯಿ ಕದಿರಮ್ಮನ ಜೊತೆ ಬಂದ. ನಾಚಿಕೆ ಅನ್ನುವುದು ಮುಖದ ಮೇಲೆ ಇರಲಿಲ್ಲ.

‘ಜನ ನೋಡಿ ಹೆದರ್ಕೊಂಡ್ಲು, ಅಷ್ಟೇ ಮೇಡಂ. ಇನ್ನೆಷ್ಟು ದಿನಕ್ಕೆ ಸ್ಕೂಲಲ್ಲಿ ಮಾತಾಡ್ತಾಳೆ ಹೇಳಿ.’

ಮೇಡಂ ಬಾಯಿ ತೆರೆಯುವ ಮೊದಲೇ ಕದಿರಮ್ಮ ಅಂದರು: ‘ಸ್ಕೂಲ್ ಮಾತು ಬಿಡು ನಾಯ್ನಾ. ಅವತ್ತಿಂದ ಅದು ನನ್ನನ್ನೂ ಅಜ್ಜೀ ಅಂತ ಕೂಗಿಲ್ಲ.’