ಹತ್ತಿರದ ಸದ್ದು ಮೊದಲು

ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಯ ಸ್ಮೋಕ್ ಅಲಾರ್ಮ್ ಬ್ಯಾಟರಿ ಮುಗಿದು ಬೆಳಿಗ್ಗೆಯಿಂದ ಪೀಂ, ಪೀಂ ಎನ್ನುತ್ತಿದೆ. ಏಣಿ ಹತ್ತುವುದು ಬಿಟ್ಟು ನಾನು ಕೆಳಗೆ ನಿಂತು ಸುಮಕ್ಕನನ್ನು ನೆನೆಯುತ್ತಿದ್ದೇನೆ. ಸೋಮಾರಿಗೆ ಒಂದು ನೆಪ ಸಾಕು ನೋಡಿ.

ಸುಮಕ್ಕ ಧಾರವಾಡದವರು. ನಾನು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ದಾಗ ಪಕ್ಕದ ಮನೆ. ನಲವತ್ತು ದಾಟಿದ ಮೇಲೆ ಸ್ಕೀ ಕಲಿತು, ಗಂಡ ಬಸಣ್ಣನನ್ನೂ ಎಳೆದುಕೊಂಡು ಹಿಮದ ಬೆಟ್ಟ ಹತ್ತುವ ಹುಚ್ಚು ಹಿಡಿಸಿಕೊಂಡವರು. ನನಗೂ ಅಂಟಿಸಿದರು. ಆದರೆ ಬೀಕನ್ ಕಲಿಯದವರನ್ನು ಕಾರಿಗೇ ಹತ್ತಿಸುತ್ತಿರಲಿಲ್ಲ. ಬೀಕನ್ ಎಂದರೆ ಎದೆಗೆ ಕಟ್ಟಿಕೊಳ್ಳುವ ಅಂಗೈಯಗಲದ ಯಂತ್ರ. ಹಿಮ ಕುಸಿದು ಹೂತುಹೋದರೆ ಅದು ಒಳಗಿನಿಂದ ಕೂಗುತ್ತಲೇ ಇರುತ್ತದೆ. ಮೇಲುಳಿದವರು ತಮ್ಮದನ್ನು ಕೇಳುವ ಕಡೆಗೆ ತಿರುಗಿಸಿಕೊಂಡು ಆ ಸದ್ದಿನ ಬೆನ್ನು ಹತ್ತಬೇಕು.

ಭಾನುವಾರ ಸಮುದ್ರತೀರದ ಮರಳಲ್ಲಿ ಪಾಠ. ಖಾಲಿ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಬೀಕನ್ ಇಟ್ಟು ಹೂಳುವರು, ನಾವು ಹುಡುಕಬೇಕು. ನಾಯಿ ತಿರುಗಿಸಲು ಬಂದವರು ನಿಧಿ ಸಿಕ್ಕಿತೇ ಎಂದು ಕೇಳಿ ಹೋಗುತ್ತಿದ್ದರು. ಒಮ್ಮೆ ಸುಮಕ್ಕನ ಯಂತ್ರ ಅವರನ್ನು ನೆಟ್ಟಗೆ ನನ್ನ ಹತ್ತಿರವೇ ಕರೆತಂದಿತು. ನನ್ನದನ್ನು ತಿರುಗಿಸುವುದನ್ನೇ ನಾನು ಮರೆತಿದ್ದೆ.

"ನೀ ಬದುಕೀಯಿಲ್ಲೋ? ಹಂಗಾರ ಒದರೂದು ನಿಲ್ಲಸು," ಎಂದರು.

ಒಬ್ಬರಿಗಿಂತ ಹೆಚ್ಚು ಜನ ಹೂತಿದ್ದರೆ ಅವರದು ಒಂದೇ ಕಟ್ಟಳೆ, ಹತ್ತಿರದ ಸದ್ದು ಮೊದಲು. ಮುಖ ಕಾಣುವ ತನಕ ಅಗೆ, ಉಸಿರು ನೋಡು, ಯಂತ್ರದಲ್ಲಿ ಆ ಸದ್ದನ್ನು ಅಡಗಿಸಿ ಮುಂದಿನದಕ್ಕೆ ಓಡು.

ಆ ಚಳಿಗಾಲ ವಿಕ್ಟೋರಿಯಾದ ಬೆಟ್ಟವೊಂದರಲ್ಲಿ ನಾವು ನಾಲ್ವರಿದ್ದಾಗ ಮುಂದಿದ್ದ ಇಬ್ಬರ ಮೇಲೆ ಹಿಮ ಕುಸಿಯಿತು. ಬಸಣ್ಣ ಇಲ್ಲ, ಸುಮಕ್ಕನ ಆಫೀಸಿನ ಹುಡುಗಿ ನಿಶಾ ಇಲ್ಲ. ಈ ಸಲ ಯಂತ್ರ ತಿರುಗಿಸುವುದನ್ನು ನಾನು ಮರೆಯಲಿಲ್ಲ, ಪುಣ್ಯ. ಬೀಕನ್ ಯಾರ ಹೆಸರನ್ನೂ ಹೇಳುವುದಿಲ್ಲ. ಆದರೆ ದೂರ ಕೆಳಗೆ, ಹಿಮದ ಮೇಲೆ ಬಸಣ್ಣನ ಕೆಂಪು ಟೋಪಿ ಬಿದ್ದಿತ್ತು.

ಸುಮಕ್ಕ ಅತ್ತ ಒಮ್ಮೆ ನೋಡಿದರು. ಹತ್ತಿರದ ಸದ್ದು ಇತ್ತ ಇತ್ತು. ಉದ್ದನೆಯ ಕೋಲನ್ನು ಹಿಮಕ್ಕೆ ಚುಚ್ಚಿ ನೋಡಿದರು, ತಗುಲಿತು, ಸಲಿಕೆ ಹಿಡಿದು ಅಗೆಯತೊಡಗಿದರು. ನೀವು ಕೆಳಗೆ ಹೋಗಿ, ಇಲ್ಲಿ ನಾನು ನೋಡಿಕೊಳ್ಳುತ್ತೇನೆ ಎಂದೆ. ಒಬ್ಬನ ಕೈಲಿ ಆಗುವ ಕೆಲಸವಲ್ಲ, ಅಗೆ ಎಂದರು, ತಲೆ ಎತ್ತಲಿಲ್ಲ. ನಿಶಾಳ ಮುಖ ಕಂಡು, ಬಾಯೊಳಗಿನ ಹಿಮ ತೆಗೆದು, ಅವಳು ಕೆಮ್ಮಿದ ಮೇಲೆಯೇ ಎದ್ದು ಕೆಳಗೆ ಓಡಿದರು. ಬಸಣ್ಣನೂ ಸಿಕ್ಕರು. ತುಟಿ ನೀಲಿಗಟ್ಟಿತ್ತು, ಉಸಿರಿತ್ತು. ಅಂಥ ಎದೆಗಾರಿಕೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

ನೆನಪು ತಡೆಯದೆ ಈಗಷ್ಟೇ ಫೋನ್ ಮಾಡಿದೆ. ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಪ್ರಶ್ನೆಯನ್ನು ಕೇಳಿಯೂ ಬಿಟ್ಟೆ. ಆ ಟೋಪಿ ನೋಡಿದ ಮೇಲೂ ನಿಶಾಳನ್ನು ಅಗೆಯಲು ಕೈ ಹೇಗೆ ಓಡಿತು?

ಆಚೆ ಕಡೆ ಬಾಗಿಲು ಎಳೆದುಕೊಂಡ ಸದ್ದಾಯಿತು, ಸುಮಕ್ಕ ದನಿ ತಗ್ಗಿಸಿದರು.

"ಇವರು ಹೋದ್ರು ಅಂತನ ತಿಳಕೊಂಡೆ. ಹಂಗ ತಿಳಕೊಂಡ ಮ್ಯಾಲೆ ಕೈ ಓಡಿತು. ಇದನ್ನ ಇವರಿಗೆ ಇನ್ನೂ ಹೇಳಿಲ್ಲ ನೋಡು."

ಅಷ್ಟರಲ್ಲಿ ಹಿಂದಿನಿಂದ ಬಸಣ್ಣನ ಗದರು ದನಿ ಕೇಳಿತು. ನನ್ನ ಕನ್ನಡಕ ಎಲ್ಲಿಟ್ಟೆ ಎಂದು ಹೆಂಡತಿಯನ್ನು ದಬಾಯಿಸುತ್ತಿದ್ದರು. ಹಿಂದಿನ ಸುಮಕ್ಕನಾಗಿದ್ದರೆ, ಇಟ್ಟಲ್ಲೇ ಹುಡುಕಿಕೊಳ್ಳಿ ಎಂದು ಅದಕ್ಕಿಂತ ಜೋರಾಗಿ ದಬಾಯಿಸುತ್ತಿದ್ದರು.

"ಬಂದೆ ರೀ," ಎಂದು ಫೋನಿಟ್ಟರು.