ತಂತಿಯ ಮೇಲಿನ ಒಣಮೆಣಸಿನಕಾಯಿ

ಹುಲಿಕಲ್ ಘಾಟಿ ಹತ್ತುತ್ತಿದ್ದ ಸಾಗರದ ಬಸ್ಸಿನ ಹಾರನ್ ಕೇಳಿಸಿತು. ಮುಕುಂದಯ್ಯ ಇನ್ನೂ ಕಾಗದ ಹುಡುಕುತ್ತಲೇ ಇದ್ದ. ತಂಗಿಯ ಮಗಳ ಮದುವೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಅವನಿಗೆ ಮರೆತೇಹೋಗಿತ್ತು.

ಬಂದ ಕಾಗದಗಳನ್ನೆಲ್ಲ ಗೋಡೆಯ ತಂತಿಗೆ ಚುಚ್ಚಿಡುವವಳು ಹೆಂಡತಿ ಹೂವಮ್ಮ. ಓದು ಬಾರದ ಅವಳು ಓದಿಸಿ ಕೇಳಿ, ಒಂದೊಂದರ ಜೊತೆಗೂ ಅದರ ಮಾತಿಗೆ ತಕ್ಕ ಒಂದೊಂದು ಗುರುತು ಪೋಣಿಸುತ್ತಿದ್ದಳು. ಮದುವೆಯ ಕಾಗದವೆಂದು ಅವನು ಅರಿಶಿನದೆಲೆ ಇದ್ದವನ್ನೆಲ್ಲ ತಡಕಿದ. ಅವಳು ಒಣಮೆಣಸಿನಕಾಯಿಯ ಕೆಳಗಿನದನ್ನು ಎಳೆದುಕೊಟ್ಟಳು.

“ನಿಮ್ಮ ತಂಗಿ ಮದ್ವೆಗೆ ಕರೆಯೋದೂ ಜಗಳ ಮಾಡ್ಕೊಂಡೇ ಅಲ್ದಾ?”

ಮದುವೆ ಸಾಗರದಲ್ಲೇ ಇತ್ತು. ಹೊರಡುವಷ್ಟರಲ್ಲಿ, ಒಣಗಿದ ಹಾಗಲಕಾಯಿ ಚೂರಿನಡಿ ಅವನಿಗೆ ತನ್ನದೇ ಅಕ್ಷರ ಕಂಡಿತು. ಮದುವೆಯಾದ ಹೊಸತರಲ್ಲಿ, ತವರಿಗೆ ಹೋಗಿದ್ದ ಅವಳಿಗೆ ಬರೆದ ಕಾಗದ!

“ಇದಕ್ಕೆ ಹಾಗಲಕಾಯಿ ಎಂತಕ್ಕೇ, ಮಾರಾಯ್ತಿ?”

“ಅದಾ? ಅದು...” ಎನ್ನುತ್ತ ಹೂವಮ್ಮ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದೇಬಿಟ್ಟಳು.